ಹತ್ತಿ ತಂದ ಹಣ, ಷೇರು ನುಂಗಿತು

ಯುದ್ಧ ಮುಗಿದ ಸುದ್ದಿ ಬಂದರೆ ಜನ ನಿಟ್ಟುಸಿರು ಬಿಡುತ್ತಾರೆ. 1865ರಲ್ಲಿ ಮುಂಬಯಿಯ ಪೇಟೆಗೆ ಮಾತ್ರ ಆ ಸುದ್ದಿ ಸಿಡಿಲಿನಂತೆ ಎರಗಿತು.

ಮುಗಿದದ್ದು ಅಮೆರಿಕದ ಅಂತರ್ಯುದ್ಧ. 1861ರಲ್ಲಿ ಅದು ಆರಂಭವಾದಾಗ ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಅಲ್ಲಿನ ಹತ್ತಿಯನ್ನು ನಂಬಿದ್ದ ಇಂಗ್ಲೆಂಡಿನ ಗಿರಣಿಗಳು ಭಾರತದತ್ತ ತಿರುಗಿದವು. ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಕುಮಟಾ ಬಂದರಿನಿಂದ ಹಡಗೇರುತ್ತಿತ್ತು. ಪೇಟೆಯಲ್ಲಿ ಅದಕ್ಕೆ 'ಕುಮಟಾ' ಎಂದೇ ಹೆಸರು. ಯುದ್ಧಕಾಲದಲ್ಲಿ ಮುಂಬಯಿಗೆ ಸುಮಾರು 8 ಕೋಟಿ ಪೌಂಡು ಹೆಚ್ಚುವರಿ ಹಣ ಬಂತೆಂಬ ಅಂದಾಜಿದೆ.

ಇಷ್ಟು ಹಣವನ್ನು ತೊಡಗಿಸುವುದೆಲ್ಲಿ? ಬ್ಯಾಂಕುಗಳು, ಲೇವಾದೇವಿ ಸಂಸ್ಥೆಗಳು, ಸಮುದ್ರ ತುಂಬಿ ನೆಲ ಮಾಡುವ ಕಂಪೆನಿಗಳು ನಾಯಿಕೊಡೆಗಳಂತೆ ಎದ್ದವು. ಬ್ಯಾಕ್ ಬೇ ಕಂಪೆನಿಯ 5,000 ರೂಪಾಯಿ ಷೇರು ಸುಮಾರು 50,000ಕ್ಕೆ ಏರಿತು. ಮಾರಬೇಕಾದ ನೆಲವೋ, ಇನ್ನೂ ನೀರಿನಡಿಯಲ್ಲಿತ್ತು! ಈ ಆಟದ ಸೂತ್ರಧಾರ, ಮೂವತ್ತರ ಹರೆಯದ ದಲ್ಲಾಳಿ ಪ್ರೇಮಚಂದ್ ರಾಯಚಂದ್.

ಅಪಾಯ ಎರಡು ಕಡೆ ಅಡಗಿತ್ತು. ಒಂದು, ವಾಯಿದೆ ವ್ಯಾಪಾರ. ಇಂದು ಕೊಂಡ ಷೇರಿಗೆ ಗೊತ್ತಾದ ದಿನ ಹಣ ಕೊಟ್ಟರಾಯಿತು. ಅಷ್ಟರೊಳಗೆ ಬೆಲೆ ಏರಿದರೆ ಕೈಯಿಂದ ಕಾಸು ಹಾಕದೆಯೇ ಲಾಭ. ಇನ್ನೊಂದು, ಸಾಲ. ಸರ್ಕಾರವೂ ಪಾಲುದಾರನಾಗಿದ್ದ ಬ್ಯಾಂಕ್ ಆಫ್ ಬಾಂಬೆಯ ಮೇಲಿನ ನಿರ್ಬಂಧಗಳನ್ನು 1863ರ ಕಾಯಿದೆ ಸಡಿಲಿಸಿತು. ಅದು ಷೇರುಗಳನ್ನೇ ಅಡವಿಟ್ಟುಕೊಂಡು ಸಾಲ ಕೊಟ್ಟಿತು. ಆ ಸಾಲದಿಂದ ಮತ್ತೆ ಷೇರು, ಆ ಷೇರಿನ ಮೇಲೆ ಮತ್ತೆ ಸಾಲ.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದರು. ಹತ್ತಿ ಬೆಲೆ ಕುಸಿಯಿತು. ಜುಲೈ 1, ಬಹಳಷ್ಟು ವಾಯಿದೆಗಳು ಮುಗಿಯುವ ದಿನ. ಕೊಂಡವರ ಬಳಿ ಹಣವಿರಲಿಲ್ಲ. ಅವರನ್ನು ನಂಬಿ ಬೇರೆಯವರಿಗೆ ಮಾತು ಕೊಟ್ಟವರೂ ಮುಳುಗಿದರು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87ಕ್ಕೆ ಇಳಿಯಿತು. 1868ರಲ್ಲಿ ಆ ಬ್ಯಾಂಕನ್ನೇ ಮುಚ್ಚಿ, ಅದೇ ಹೆಸರಿನ ಹೊಸ ಬ್ಯಾಂಕ್ ತೆರೆಯಬೇಕಾಯಿತು. ಪ್ರೇಮಚಂದ್ ಕೂಡ ದಿವಾಳಿಯಾದರು. 1864ರಲ್ಲಿ 8.16 ಲಕ್ಷವಿದ್ದ ಮುಂಬಯಿಯ ಜನಸಂಖ್ಯೆ 1872ರ ಗಣತಿಯಲ್ಲಿ 6.44 ಲಕ್ಷ.

ಹತ್ತಿ ನಿಜ, ಅದರ ಹಣವೂ ನಿಜ. ಸುಳ್ಳಾದದ್ದು ಏರಿದ ಬೆಲೆ ಇಳಿಯದೆಂಬ ನಂಬಿಕೆ. ಸಟ್ಟಾ ಆಡಿದವರ ಜತೆಗೆ, ಸರ್ಕಾರದ ಪಾಲಿದೆಯೆಂದು ನಂಬಿ ಬ್ಯಾಂಕಿನ ಷೇರು ಇಟ್ಟುಕೊಂಡವರೂ ಬೆಲೆ ತೆತ್ತರು.

ಪ್ರೇಮಚಂದ್ ಕುಸಿತಕ್ಕೆ ಮೊದಲೇ ಕೊಟ್ಟ ದಾನದಿಂದ, ಅವರ ತಾಯಿಯ ಹೆಸರಿನ ರಾಜಾಬಾಯಿ ಗಡಿಯಾರ ಗೋಪುರ 1878ರಲ್ಲಿ ಪೂರ್ಣಗೊಂಡಿತು. ಆ ಭರಾಟೆಯ ಹಣದಲ್ಲಿ ಕೈಬಿಟ್ಟು ಹೋದದ್ದಷ್ಟೇ ಉಳಿಯಿತು.