ಪಾಣಿಪತ್: ಒಂದೇ ಬಯಲು, ಮೂರು ಯುದ್ಧ, ಬದಲಾದ ಭಾರತ

ದೆಹಲಿಯಿಂದ ಉತ್ತರಕ್ಕೆ ಸುಮಾರು 90 ಕಿ.ಮೀ. ದೂರದಲ್ಲಿರುವ ಹರಿಯಾಣದ ಪಾಣಿಪತ್ ಇಂದು ಕಂಬಳಿ, ಕೈಮಗ್ಗದ ಬಟ್ಟೆಗಳಿಗೆ ಹೆಸರಾದ ನಗರ. ಇತಿಹಾಸದಲ್ಲಿ ಮಾತ್ರ ಇದು 1526, 1556 ಮತ್ತು 1761ರ ಮೂರು ಯುದ್ಧಗಳ ಊರು. ವಾಯವ್ಯದಿಂದ ದೆಹಲಿಗೆ ಬರುವ ದಾರಿ ಈ ಸಮತಟ್ಟಾದ ಬಯಲಿನಲ್ಲೇ ಹಾದುಹೋಗುತ್ತಿತ್ತು. ಹೀಗಾಗಿ ದೆಹಲಿಯ ಗದ್ದುಗೆಗೆ ಪೈಪೋಟಿ ನಡೆಸಿದವರು ಇಲ್ಲಿಯೇ ಮುಖಾಮುಖಿಯಾದರು.

ಮೊದಲ ಯುದ್ಧ (1526)

ಏಪ್ರಿಲ್ 21ರಂದು ಕಾಬೂಲಿನ ದೊರೆ ಬಾಬರ್, ದೆಹಲಿ ಸುಲ್ತಾನ ಇಬ್ರಾಹಿಂ ಲೋದಿಯನ್ನು ಎದುರಿಸಿದ. ಬಾಬರ್ ಬಳಿ ಇದ್ದದ್ದು ಸುಮಾರು 12 ಸಾವಿರ ಮಂದಿ. ಲೋದಿಯ ಸೈನ್ಯ ಅದಕ್ಕಿಂತ ಹಲವು ಪಟ್ಟು ದೊಡ್ಡದು, ಜೊತೆಗೆ ಆನೆಗಳ ಬಲವೂ ಇತ್ತು. ಬಾಬರ್ ಗಾಡಿಗಳನ್ನು ಚರ್ಮದ ಹಗ್ಗದಿಂದ ಬಿಗಿದು ಸಾಲಾಗಿ ನಿಲ್ಲಿಸಿ, ಅವುಗಳ ಮರೆಯಿಂದ ಫಿರಂಗಿ, ಕೋವಿಗಳನ್ನು ಹಾರಿಸಿದ. ಅವನ ಕುದುರೆ ಸವಾರರು ಬದಿಗಳಿಂದ ಸುತ್ತುವರಿದರು. ಲೋದಿ ರಣರಂಗದಲ್ಲೇ ಮಡಿದ. ಮೊಘಲ್ ಆಳ್ವಿಕೆ ಆರಂಭವಾಯಿತು.

ಎರಡನೇ ಯುದ್ಧ (1556)

ಹುಮಾಯೂನ್ ಸತ್ತ ಬಳಿಕ ದೆಹಲಿಯನ್ನು ಗೆದ್ದ ಹೇಮು, ವಿಕ್ರಮಾದಿತ್ಯ ಎಂಬ ಬಿರುದು ಧರಿಸಿದ್ದ. ನವೆಂಬರ್ 5ರಂದು ಅವನು ಬಾಲಕ ಅಕ್ಬರನ ಸೈನ್ಯವನ್ನು ಎದುರಿಸಿದ. ಗೆಲುವು ಹತ್ತಿರವಿದ್ದಾಗ ಬಾಣವೊಂದು ಆನೆಯ ಮೇಲಿದ್ದ ಹೇಮುವಿನ ಕಣ್ಣಿಗೆ ನಾಟಿತು. ನಾಯಕ ಬಿದ್ದುದನ್ನು ಕಂಡ ಸೈನ್ಯ ಚದುರಿತು. ಮೊಘಲರ ಗದ್ದುಗೆ ಭದ್ರವಾಯಿತು.

ಮೂರನೇ ಯುದ್ಧ (1761)

ಸದಾಶಿವರಾವ್ ಭಾವೂ ನೇತೃತ್ವದ ಮರಾಠಾ ಸೈನ್ಯಕ್ಕೆ ಎದುರಾದವನು ಅಫ್ಘಾನ್ ದೊರೆ ಅಹ್ಮದ್ ಷಾ ಅಬ್ದಾಲಿ. ರೋಹಿಲ್ಲಾ ನಾಯಕ ನಜೀಬ್ ಮತ್ತು ಅವಧ್‌ನ ನವಾಬ ಶುಜಾ ಅಬ್ದಾಲಿಯ ಪರ ನಿಂತರು. ಅಬ್ದಾಲಿ ಯಮುನೆ ದಾಟಿ ಮರಾಠರಿಗೆ ದೆಹಲಿಯ ದಾರಿಯನ್ನೇ ಕಡಿದುಹಾಕಿದ. ಕುಟುಂಬಗಳು, ಯಾತ್ರಿಕರು ತುಂಬಿದ್ದ ಮರಾಠಾ ಪಾಳೆಯದಲ್ಲಿ ದವಸಧಾನ್ಯ ಮುಗಿಯಿತು. ಹಸಿವು ತಾಳಲಾರದೆ ಜನವರಿ 14ರಂದು ಯುದ್ಧಕ್ಕಿಳಿದ ಸೈನ್ಯ ಸಂಜೆಯೊಳಗೆ ನುಚ್ಚುನೂರಾಯಿತು. ಪೇಶ್ವೆಯ ಮಗ ವಿಶ್ವಾಸರಾವ್, ಭಾವೂ ಇಬ್ಬರೂ ಮಡಿದರು. ಸಂಪೂರ್ಣ ಸೋಲಿಗೆ ಮರಾಠಿಯಲ್ಲಿ ಇಂದಿಗೂ 'ಪಾನಿಪತ್ ಆಯಿತು' ಎನ್ನುತ್ತಾರೆ. ಪುಣೆ, ಮುಂಬೈ ಕನ್ನಡಿಗರು ಈ ಮಾತನ್ನು ಕೇಳಿಯೇ ಇರುತ್ತಾರೆ.

ಲಾಭ ಯಾರಿಗೆ?

ಮೊದಲ ಎರಡು ಯುದ್ಧಗಳಲ್ಲಿ ಗೆದ್ದವರು ದೆಹಲಿಯನ್ನು ಆಳಿದರು. ಆದರೆ ಅಬ್ದಾಲಿ ಗೆದ್ದೂ ತನ್ನ ನಾಡಿಗೆ ಮರಳಿದ. ಮರಾಠರು ಚೇತರಿಸಿಕೊಳ್ಳುವ ಹೊತ್ತಿಗೆ ಬೇರೆಯವರು ಬಲಿತಿದ್ದರು. ಮೈಸೂರಿನಲ್ಲಿ 1761ರಲ್ಲೇ ಅಧಿಕಾರ ಹಿಡಿದ ಹೈದರಾಲಿ, 1763ರಲ್ಲಿ ಬಿದನೂರನ್ನು ವಶಪಡಿಸಿಕೊಂಡ. ಈಸ್ಟ್ ಇಂಡಿಯಾ ಕಂಪನಿ 1764ರಲ್ಲಿ ಬಕ್ಸಾರ್ ಯುದ್ಧ ಗೆದ್ದು, ಮರುವರ್ಷ ಬಂಗಾಳ, ಬಿಹಾರ, ಒರಿಸ್ಸಾದ ಕಂದಾಯ ವಸೂಲಿಯ ಹಕ್ಕು ಪಡೆಯಿತು. ಮಹಾದಜಿ ಶಿಂಧೆ 1772ರಲ್ಲಿ ಮೊಘಲ್ ಬಾದಷಹ ಷಾ ಆಲಂನನ್ನು ದೆಹಲಿಗೆ ಕರೆತಂದಾಗ, ಬಂಗಾಳದ ಬೊಕ್ಕಸ ಆಗಲೇ ಕಂಪನಿಯ ಕೈಯಲ್ಲಿತ್ತು.

ಪಾಣಿಪತ್‌ಗೆ ಹೋದರೆ ಇಬ್ರಾಹಿಂ ಲೋದಿಯ ಸಮಾಧಿ, ಬಾಬರ್ ಕಟ್ಟಿಸಿದ ಕಾಬೂಲಿ ಬಾಗ್ ಮಸೀದಿ ಮತ್ತು ಮೂರನೇ ಯುದ್ಧದ ನೆನಪಿನ ಕಾಲಾ ಅಂಬ್ ಸ್ಮಾರಕವನ್ನು ನೋಡಬಹುದು.