ತರಗತಿಯ ಹಿಂದೆ ಕೂತವರು

ಹಿಂದಿನ ಕಾಲದ ಊರ ಶಾಲೆಗಳಾದ ಐಗಳ ಮಠಗಳಲ್ಲಿ ದೊಡ್ಡ ಹುಡುಗರು ಸಣ್ಣವರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಐಗಳು ಅಲ್ಲೇ ಕೂತು ಕಿವಿಗೊಟ್ಟಿರುತ್ತಿದ್ದರು. ಕಲಿಸುವುದನ್ನು ಕಲಿಯುವ ದಾರಿ ಅಷ್ಟೇ ಇತ್ತು.

1790ರ ದಶಕದಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಮಕ್ಕಳ ಅನಾಥಾಲಯ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್, ಊರ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡ. ನಮ್ಮಲ್ಲೂ ಹೀಗೇ ಕಲಿಸಿ ಎಂದರೆ ಅನಾಥಾಲಯದ ಶಿಕ್ಷಕ ಒಪ್ಪಲಿಲ್ಲ. ಬೆಲ್ ಆ ತರಗತಿಯನ್ನು ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನಿಗೆ ಒಪ್ಪಿಸಿದ. ಹುಡುಗ ಕಲಿಸಿಯೇಬಿಟ್ಟ. 1797ರಲ್ಲಿ ಬೆಲ್ ಇದನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದ. ಮಕ್ಕಳೇ ಮಕ್ಕಳಿಗೆ ಕಲಿಸುವ ಈ ‘ಮದ್ರಾಸ್ ಪದ್ಧತಿ’ ಇಂಗ್ಲೆಂಡಿನ ಶಾಲೆಗಳಿಗೆ ಹಬ್ಬಿತು.

1854ರ ವುಡ್ ಆಜ್ಞಾಪತ್ರ ಶಿಕ್ಷಕರ ತಯಾರಿಗೆ ನಾರ್ಮಲ್ ಸ್ಕೂಲುಗಳು ಬೇಕೆಂದಿತು. ಧಾರವಾಡದಲ್ಲಿ ಅವುಗಳ ಅಗತ್ಯ ತುಂಬ ಇತ್ತು. ಆಗ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಸರಕಾರಿ ಸಾಲಿ ಅಂದರೆ ಬಹುಮಟ್ಟಿಗೆ ಮರಾಠಿ ಸಾಲಿ. ಕನ್ನಡ ಸಾಲಿ ತೆಗೆಯೋಣವೆಂದರೆ ಕನ್ನಡದಲ್ಲಿ ಕಲಿಸುವವರು ಎಲ್ಲಿಂದ ಬರಬೇಕು? ಡೆಪ್ಯೂಟಿ ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ ಮೊದಲು ಮಾಸ್ತರರನ್ನು ತಯಾರು ಮಾಡಿದರು, ಆಮೇಲೆ ಶಿಕ್ಷಣ ಇಲಾಖೆಯ ಡೆಪ್ಯೂಟಿಯಾಗಿ ಊರೂರಲ್ಲಿ ಸಾಲಿ ತೆಗೆಸಿದರು. ಕನ್ನಡದ ಉಳಿವಿನ ಮಾತು ಬಂದಾಗ ನಾವು ಕವಿಗಳನ್ನು ನೆನೆಯುತ್ತೇವೆ. ಆ ಟ್ರೇನಿಂಗ್ ಮುಗಿಸಿ ಹಳ್ಳಿಗೆ ಹೋದ ಮಾಸ್ತರರನ್ನೂ ಅಷ್ಟೇ ನೆನೆಯಬೇಕು.

1904ರ ಸರಕಾರಿ ನಿರ್ಣಯ ಪ್ರತಿ ಟ್ರೇನಿಂಗ್ ಕಾಲೇಜಿಗೂ ಒಂದು ಅಭ್ಯಾಸ ಶಾಲೆ ಇರಬೇಕೆಂದಿತು. ಜರ್ಮನಿಯ ಹರ್ಬಾರ್ಟನ ಶಿಷ್ಯರು ರೂಪಿಸಿದ ಪಾಠದ ಐದು ಹಂತಗಳೂ ತರಬೇತಿಯೊಳಗೆ ಬಂದವು: ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ.

ನಾನು ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಓದುವಾಗಲೂ ಪಾಠದ ಟಿಪ್ಪಣಿಯಲ್ಲಿ ಆ ಹಂತಗಳ ನೆರಳಿತ್ತು. ಎಡಗಡೆ ಶಿಕ್ಷಕರ ಚಟುವಟಿಕೆ, ಬಲಗಡೆ ಮಕ್ಕಳದು. ಬಲಗಡೆಯ ಉತ್ತರಗಳನ್ನೂ ಹಿಂದಿನ ರಾತ್ರಿಯೇ ನಾವೇ ಬರೆದಿಡುತ್ತಿದ್ದೆವು! ನಮ್ಮ ಪಾಠವನ್ನು ಅಳೆಯುವ ಟೀಕಾಪಾಠಕ್ಕೆ ಬಂದ ಮೇಷ್ಟ್ರುಗಳಲ್ಲಿ ಹೆಚ್ಚಿನವರು ತರಗತಿಯ ಹಿಂದೆ ಕೂತು ನಮ್ಮ ದನಿ, ಹಲಗೆಯ ಮೇಲಿನ ಅಕ್ಷರ, ಸುತ್ತುಫಲಕ ನೋಡಿ ಅಂಕ ಹಾಕುತ್ತಿದ್ದರು. ನಮ್ಮ ಗಣಿತದ ಮೇಷ್ಟ್ರೊಬ್ಬರು ಮಾತ್ರ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡು ಮಕ್ಕಳ ಮುಖ ಕಾಣುವಂತೆ ಕೂರುತ್ತಿದ್ದರು. ನನ್ನ ಟಿಪ್ಪಣಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಮೂರನೇ ಸಾಲಿನ ಹುಡುಗಿ 52ರಿಂದ 17 ಕಳೆದು 45 ಬರೆದಳು. ಯಾಕೆ?’ ಎರಡರಲ್ಲಿ ಏಳು ಹೋಗದೆಂದು ಏಳರಲ್ಲೇ ಎರಡು ಕಳೆದಿದ್ದಳು. ಇದು ನನಗೆ ಹೊಳೆದಾಗ, ಅಧ್ಯಾಪನ ಎಂಬ ಕೆಲಸದ ನಡುಮನೆಗೆ ಕಾಲಿಟ್ಟ ಹಾಗಾಯಿತು.

1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಶುರುವಾಯಿತು. ಅಭ್ಯಾಸ ಶಾಲೆಯಂತೆಯೇ ಅದಕ್ಕೆ ಸೇರಿದ ಪ್ರಾತ್ಯಕ್ಷಿಕೆ ಶಾಲೆ ಊರಿಗೆಲ್ಲ ಡಿ.ಎಂ. ಶಾಲೆ ಎಂದೇ ಪರಿಚಿತ. ಮುಂದೆ, ಶಿಕ್ಷಕರ ತರಬೇತಿಯ 2014ರ ನಿಯಮಾವಳಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಏರಿಸಿ, 20 ವಾರಗಳ ಶಾಲಾ ಅನುಭವ ಕಡ್ಡಾಯ ಮಾಡಿತು. ನಾನಿದನ್ನು ಮನಸಾರೆ ಸ್ವಾಗತಿಸಿದವಳು. ಆದರೆ ಶಿಕ್ಷಕರ ಕೊರತೆಯಿರುವ ಶಾಲೆಗೆ ಹೋದ ಪ್ರಶಿಕ್ಷಣಾರ್ಥಿಗೆ ಮೊದಲ ದಿನವೇ ಇಡೀ ತರಗತಿ ಒಪ್ಪಿಸಿ, ಪಾಠ ನೋಡಬೇಕಾದವರು ಕಚೇರಿ ಕೆಲಸಕ್ಕೆ ಹೋದರೆ, ಅದು ತರಬೇತಿಯಲ್ಲ, ಬದಲಿ ಹಾಜರಿ.

ನನ್ನ ಕೈಕೆಳಗೆ ಬಂದ ಪ್ರಶಿಕ್ಷಣಾರ್ಥಿಗಳಿಗೆ ನಾನು ಮೊದಲ ವಾರ ಪಾಠ ಕೊಡುತ್ತಿರಲಿಲ್ಲ. ಒಂದೇ ಮಗುವನ್ನು ಆರಿಸಿ, ಅದು ಲೆಕ್ಕ ಮಾಡುವಾಗ ಎಲ್ಲಿ ತಡವರಿಸುತ್ತದೆ, ಎಲ್ಲಿ ಪಕ್ಕದವರ ಪಾಟಿ ನೋಡುತ್ತದೆ ಎಂದು ಬರೆದು ತರಬೇಕಿತ್ತು. ಆ ಹಾಳೆ ಬಂದ ಮೇಲೆಯೇ ಟಿಪ್ಪಣಿ ಬರೆಯಲು ಕೂರುತ್ತಿದ್ದೆವು.