ನಯೀ ತಾಲೀಮ್: ತಕಲಿಯ ಹಿಂದಿನ ತತ್ವಗಳು

ಮಗುವಿನ ಕಲಿಕೆ ಅಕ್ಷರದಿಂದಲ್ಲ, ಕೈಕೆಲಸದಿಂದ ಆರಂಭವಾಗಬೇಕು ಎಂಬ ನಂಬಿಕೆಯ ಮೇಲೆ ಮಹಾತ್ಮ ಗಾಂಧಿ ರೂಪಿಸಿದ ಶಿಕ್ಷಣ ಕ್ರಮವೇ ನಯೀ ತಾಲೀಮ್. ಮೂಲ ಶಿಕ್ಷಣ, ವಾರ್ಧಾ ಯೋಜನೆ ಎಂಬ ಹೆಸರುಗಳಿಂದಲೂ ಇದು ಪರಿಚಿತ. ಶಾಲೆಯಲ್ಲಿ ಒಂದು ಕಸುಬನ್ನು ಹೆಚ್ಚುವರಿ ವಿಷಯವಾಗಿ ಕಲಿಸುವುದು ಇದರ ಆಶಯವಾಗಿರಲಿಲ್ಲ. ಗಣಿತ, ವಿಜ್ಞಾನ, ಭೂಗೋಳ, ಇತಿಹಾಸ ಎಲ್ಲವೂ ಕಸುಬಿನ ಮೂಲಕವೇ ಹರಿದುಬರಬೇಕು ಎಂಬುದು ಗಾಂಧೀಜಿಯವರ ವಾದವಾಗಿತ್ತು. ತಕಲಿ ಹಿಡಿದ ಮಗು ನೂಲಿನ ಎಳೆಗಳನ್ನು ಎಣಿಸುತ್ತ ಲೆಕ್ಕ ಕಲಿಯುತ್ತದೆ. ಹತ್ತಿ ಬೆಳೆಯುವ ಮಣ್ಣನ್ನು ತಿಳಿಯುತ್ತ ಭೂಗೋಳಕ್ಕೆ ಬರುತ್ತದೆ. ಆ ಹತ್ತಿಯ ವ್ಯಾಪಾರದ ಕಥೆಯಲ್ಲಿ ದೇಶದ ಇತಿಹಾಸವನ್ನೇ ಕಾಣುತ್ತದೆ.

ಈ ವಿಚಾರ 1937ರಲ್ಲಿ ದಿಢೀರನೆ ಹುಟ್ಟಿದ್ದಲ್ಲ. ಅದರ ಬೇರುಗಳು ದಕ್ಷಿಣ ಆಫ್ರಿಕಾದಲ್ಲಿವೆ. 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೊರಟಿದ್ದ ಗಾಂಧಿಗೆ ಗೆಳೆಯ ಹೆನ್ರಿ ಪೋಲಾಕ್ ಇಂಗ್ಲಿಷ್ ಚಿಂತಕ ಜಾನ್ ರಸ್ಕಿನ್‌ರ 'ಅನ್‌ಟು ದಿಸ್ ಲಾಸ್ಟ್' ಪುಸ್ತಕವನ್ನು ಓದಲು ಕೊಟ್ಟರು. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ, ದುಡಿಯುವವನ ಬದುಕೇ ಸಾರ್ಥಕ ಬದುಕು ಎಂಬ ತಿಳಿವು ಅವರಿಗೆ ಅದರಿಂದ ದೊರೆಯಿತು. ಅದೇ ವರ್ಷ ಫೀನಿಕ್ಸ್ ಆಶ್ರಮ ತಲೆಯೆತ್ತಿತು. 1908ರಲ್ಲಿ ಅವರು ಈ ಕೃತಿಯ ಸಾರವನ್ನು 'ಸರ್ವೋದಯ' ಎಂಬ ಹೆಸರಿನಲ್ಲಿ ಗುಜರಾತಿಗೆ ತಂದರು.

ಎರಡನೆಯ ಪ್ರೇರಣೆ ರಷ್ಯಾದ ಲಿಯೋ ಟಾಲ್‌ಸ್ಟಾಯ್. ಕಾದಂಬರಿಕಾರನೆಂದೇ ಜಗತ್ತು ಬಲ್ಲ ಟಾಲ್‌ಸ್ಟಾಯ್ 1859ರಲ್ಲಿ ತಮ್ಮ ಯಾಸ್ನಾಯಾ ಪೊಲ್ಯಾನಾದಲ್ಲಿ ರೈತರ ಮಕ್ಕಳಿಗಾಗಿ ಶಾಲೆ ತೆರೆದಿದ್ದರು. ಅಲ್ಲಿ ಬಲವಂತದ ಹಾಜರಿ ಇರಲಿಲ್ಲ. ಆದರೆ ಗಾಂಧಿಯನ್ನು ಹೆಚ್ಚು ಸೆಳೆದದ್ದು 'ಅನ್ನಕ್ಕಾಗಿ ಶ್ರಮ' ಎಂಬ ತತ್ವ, ಅಂದರೆ ತನ್ನ ಊಟದಷ್ಟನ್ನು ಪ್ರತಿಯೊಬ್ಬನೂ ಮೈಮುರಿದು ದುಡಿಯಬೇಕೆಂಬುದು. ಬೊಂದರೇವ್ ಎಂಬ ರಷ್ಯನ್ ರೈತ ಬರೆದದ್ದನ್ನು ಟಾಲ್‌ಸ್ಟಾಯ್ ಜಗತ್ತಿಗೆ ತಿಳಿಸಿದರು. ಗಾಂಧಿ ಅದನ್ನೇ ಭಗವದ್ಗೀತೆಯ ಮೂರನೆಯ ಅಧ್ಯಾಯದ ಯಜ್ಞದ ಕಲ್ಪನೆಯಲ್ಲಿ ಗುರುತಿಸಿದರು.

ಪ್ರಯೋಗ ನಡೆದದ್ದು ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ. 1910ರಲ್ಲಿ ವಾಸ್ತುಶಿಲ್ಪಿ ಹರ್ಮನ್ ಕಾಲೆನ್‌ಬಾಖ್ ಸತ್ಯಾಗ್ರಹಿಗಳಿಗೆ ಬಿಟ್ಟುಕೊಟ್ಟ 1,100 ಎಕರೆ ಜಮೀನದು. ಕಾಲೆನ್‌ಬಾಖ್ ಕ್ರೈಸ್ತ ಸನ್ಯಾಸಿಗಳ ಮಠವೊಂದರಲ್ಲಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧಿ ಕಲಿತರು, ಗಾಂಧಿಯಿಂದ ಇತರರು. ತಾವು ಮಾಡದ ಕೆಲಸವನ್ನು ಗುರುಗಳು ಮಕ್ಕಳಿಗೆ ಹೇಳುವಂತಿರಲಿಲ್ಲ. ಪಠ್ಯಪುಸ್ತಕಗಳ ಬಳಕೆ ತೀರ ಕಡಿಮೆ. ಆದರೆ ಈ ಚಿತ್ರವನ್ನು ಅತಿಯಾಗಿ ಹೊಗಳುವುದೂ ಸರಿಯಲ್ಲ. ಬೆಳಗಿನ ದುಡಿಮೆಯ ನಂತರ, ಮಧ್ಯಾಹ್ನದ ಊಟ ಮುಗಿಸಿ ತರಗತಿಗೆ ಕುಳಿತರೆ ಮಕ್ಕಳೊಂದಿಗೆ ಗುರುಗಳಿಗೂ ತೂಕಡಿಕೆ ಬರುತ್ತಿತ್ತೆಂದು ಗಾಂಧಿಯೇ ಬರೆದಿದ್ದಾರೆ. ಹಟಮಾರಿ ಹುಡುಗನೊಬ್ಬನಿಗೆ ರೂಲುದೊಣ್ಣೆಯಿಂದ ಹೊಡೆದು ಪಶ್ಚಾತ್ತಾಪ ಪಟ್ಟದ್ದನ್ನೂ ಅವರು ಮುಚ್ಚಿಟ್ಟಿಲ್ಲ.

ಫೀನಿಕ್ಸ್‌ನ ಮಕ್ಕಳು ಭಾರತಕ್ಕೆ ಬಂದಾಗ ಅವರಿಗೆ ಆಶ್ರಯ ನೀಡಿದ್ದು ರವೀಂದ್ರನಾಥ ಟ್ಯಾಗೋರರ ಶಾಂತಿನಿಕೇತನ. 1915ರ ಮಾರ್ಚ್ 10ರಂದು ಅಲ್ಲಿನ ವಿದ್ಯಾರ್ಥಿಗಳು ಗಾಂಧಿಯ ಪ್ರೇರಣೆಯಿಂದ ಅಡುಗೆ, ಶುಚೀಕರಣಗಳನ್ನು ತಾವೇ ವಹಿಸಿಕೊಂಡರು. ಆ ದಿನವನ್ನು ಅಲ್ಲಿ ಗಾಂಧಿ ಪುಣ್ಯಾಹವೆಂದು ಆಚರಿಸಲಾಗುತ್ತದೆ. ಮುಂದೆ ಸೇವಾಗ್ರಾಮದ ಶಾಲೆಯನ್ನು ಕಟ್ಟಿದ ಆರ್ಯನಾಯಕಂ ಮತ್ತು ಆಶಾದೇವಿ ದಂಪತಿ ಕೂಡ ಶಾಂತಿನಿಕೇತನದಿಂದಲೇ ಬಂದವರು.

1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನ ಈ ಚಿಂತನೆಗೆ ಯೋಜನೆಯ ರೂಪ ನೀಡಿತು. ಏಳು ವರ್ಷಗಳ ಉಚಿತ ಮತ್ತು ಕಡ್ಡಾಯ ಶಿಕ್ಷಣ, ಮಾತೃಭಾಷಾ ಮಾಧ್ಯಮ, ಉತ್ಪಾದಕ ಕೈಕೆಲಸದ ಕೇಂದ್ರಸ್ಥಾನ, ಮಕ್ಕಳ ದುಡಿಮೆಯಿಂದ ಕ್ರಮೇಣ ಶಿಕ್ಷಕರ ವೇತನ ಹೊರಡಬೇಕೆಂಬ ನಿರೀಕ್ಷೆ ಅದರ ನಿರ್ಣಯಗಳಲ್ಲಿದ್ದವು. ಪಠ್ಯಕ್ರಮ ಸಮಿತಿಯ ಅಧ್ಯಕ್ಷರಾದವರು ಮುಂದೆ ರಾಷ್ಟ್ರಪತಿಯಾದ ಡಾ. ಜಾಕಿರ್ ಹುಸೇನ್. ಬರ್ಲಿನ್‌ನಲ್ಲಿ ವ್ಯಾಸಂಗ ಮಾಡಿದ್ದ ಅವರ ಮೇಲೆ 'ಶ್ರಮಶಾಲೆ'ಯ ಪ್ರತಿಪಾದಕ, ಜರ್ಮನಿಯ ಗಿಯೋರ್ಗ್ ಕೆರ್ಷೆನ್‌ಸ್ಟೈನರ್ ಪ್ರಭಾವವಿತ್ತು. ಹೀಗಾಗಿ ವಾರ್ಧಾ ಯೋಜನೆಯನ್ನು ಕೇವಲ ಆಶ್ರಮದ ಕೂಸೆಂದು ಭಾವಿಸುವುದು ತಪ್ಪಾದೀತು. ಸಮಿತಿ ಸೂಚಿಸಿದ ದಿನಚರಿಯ ಐದೂವರೆ ಗಂಟೆಗಳಲ್ಲಿ 3 ಗಂಟೆ 20 ನಿಮಿಷ ಕಸುಬಿಗೆ, 40 ನಿಮಿಷ ಮಾತೃಭಾಷೆಗೆ ಮೀಸಲಾಗಿತ್ತು. 1938ರ ಫೆಬ್ರವರಿಯಲ್ಲಿ ಹರಿಪುರ ಕಾಂಗ್ರೆಸ್ ಅಧಿವೇಶನ ಯೋಜನೆಯನ್ನು ಅಂಗೀಕರಿಸಿತು.

ವಿವಾದ ಎದ್ದದ್ದು ವೇತನದ ಅಂಶದ ಸುತ್ತ. ಮಕ್ಕಳ ದುಡಿಮೆಯ ಮೇಲೆ ಶಾಲೆ ನಿಂತರೆ ಅದು ಕಾರ್ಖಾನೆಯಾದೀತು, ಶಾಲೆಯ ಸರಕು ಬಡ ಕುಶಲಕರ್ಮಿಯ ಹೊಟ್ಟೆಯ ಮೇಲೆ ಹೊಡೆದೀತು ಎಂಬ ಆಕ್ಷೇಪ ಸಮ್ಮೇಳನದಲ್ಲೇ ಬಂತು, ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ವಿರೋಧಿಸಿದವರಲ್ಲಿ ಪ್ರಮುಖರು. ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ತನ್ನ ಕಾಲಿನ ಮೇಲೆ ನಿಲ್ಲದ ಶಿಕ್ಷಣ ಕೋಟ್ಯಂತರ ಬಡವರನ್ನು ತಲುಪದು ಎಂದು ಗಾಂಧಿ ಉತ್ತರಿಸುತ್ತಿದ್ದರು. ಅಂದಿನ ಪ್ರಾಂತೀಯ ಸರ್ಕಾರಗಳ ಶಾಲಾ ವೆಚ್ಚಕ್ಕೆ ಹೆಂಡದ ಸುಂಕವೇ ಆಧಾರವಾಗಿದ್ದುದು ಅವರನ್ನು ಕಾಡಿತ್ತು. 1944ರ ಸಾರ್ಜೆಂಟ್ ವರದಿ ಮೂಲ ಶಿಕ್ಷಣವನ್ನು ತಾತ್ವಿಕವಾಗಿ ಒಪ್ಪಿತಾದರೂ ಸ್ವಾವಲಂಬನೆಯ ಅಂಶವನ್ನು ಕೈಬಿಟ್ಟಿತು.

ಸ್ವಾತಂತ್ರ್ಯಾನಂತರ ಯೋಜನೆ ಸೊರಗಿದ್ದಕ್ಕೆ ಹಣವೊಂದೇ ಕಾರಣವಲ್ಲ. ನೇಯ್ಗೆ, ಚರ್ಮದ ಕೆಲಸ, ಕುಂಬಾರಿಕೆ ಇವೆಲ್ಲ ಕೆಳಜಾತಿಗಳಿಗೆ ಅಂಟಿಸಲಾಗಿದ್ದ ಕಸುಬುಗಳು. ಅವನ್ನು ಶಾಲೆಯ ನಡುಮನೆಗೆ ತರುವುದೆಂದರೆ ಜ್ಞಾನದ ಶ್ರೇಣಿಯನ್ನೇ ಬುಡಮೇಲು ಮಾಡುವುದೆಂದು ಶಿಕ್ಷಣತಜ್ಞ ಕೃಷ್ಣಕುಮಾರ್ ವಿಶ್ಲೇಷಿಸಿದ್ದಾರೆ. ಮೇಲ್ವರ್ಗದವರಿಗೆ ಅದು ಬೇಕಿರಲಿಲ್ಲ. ತಲೆತಲಾಂತರದ ಕಸುಬಿನಿಂದ ಬಿಡಿಸಿಕೊಳ್ಳಲೆಂದೇ ಮಗುವನ್ನು ಶಾಲೆಗೆ ಕಳುಹಿಸಿದ ಬಡ ತಂದೆಗೂ ಅದೇ ಮಗ್ಗ ಅಲ್ಲಿ ಎದುರಾದರೆ ಸಮಾಧಾನವಾಗುವುದು ಹೇಗೆ?

1964–66ರ ಕೊಠಾರಿ ಆಯೋಗ 'ಕಾರ್ಯಾನುಭವ'ವನ್ನು ಮುಂದಿಟ್ಟಿತು; 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನು ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದು ಕರೆಯಿತು. ಎಸ್‌ಯುಪಿಡಬ್ಲ್ಯು ಎಂಬ ಈ ವಿಷಯ ಅನೇಕರ ನೆನಪಿನಲ್ಲಿ ವಾರದ ಒಂದು ಹಗುರ ಪೀರಿಯಡ್ ಆಗಿ ಉಳಿದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಬ್ಯಾಗ್‌ರಹಿತ ಅವಧಿಯನ್ನು ಸೂಚಿಸಿದ್ದು, ಆ ದಿನಗಳಲ್ಲಿ ಅವರು ಸ್ಥಳೀಯ ಬಡಗಿ, ಕುಂಬಾರ, ತೋಟಗಾರರ ಬಳಿ ಕೆಲಸ ಕಲಿಯಬೇಕೆನ್ನುತ್ತದೆ. ಸೇವಾಗ್ರಾಮದಲ್ಲಿ ಮುಚ್ಚಿಹೋಗಿದ್ದ ಆನಂದ ನಿಕೇತನ ಶಾಲೆ 2005ರಲ್ಲಿ ಮತ್ತೆ ಬಾಗಿಲು ತೆರೆಯಿತು.